ಆರ್ಡಿಸ್ ಹೆಸರಿಗೆ ಬಂದ ಟ್ಯಾಗ್

ಬೀವರ್ ಬ್ರಿಜ್, ವಿಸ್ಕಾನ್ಸಿನ್
ಜೂನ್ 21, 2022

ಡೀನಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಒಂದು ಹಾಳೆಗೆ ನಾಲ್ಕು ದಿನ ಹಿಡಿದಿದೆ. ಆದರೂ ಫೋನಿಗಿಂತ ಇದೇ ವಾಸಿ. ಫೋನಿನಲ್ಲಿ ನನ್ನ ಮಾತು ತೊದಲುತ್ತದೆ, ನಿನ್ನಪ್ಪ ಪಕ್ಕದಲ್ಲೇ ನಿಂತು ನನ್ನ ವಾಕ್ಯಗಳನ್ನು ತಾನೇ ಮುಗಿಸುತ್ತಾನೆ. ಮುಗಿಸುವುದೂ ತಪ್ಪಾಗಿ. ಲಕ್ವ ಹೊಡೆದಾಗಿನಿಂದ ನಾನು ಏನು ಹೇಳಬೇಕೆಂದಿದ್ದೆ ಅನ್ನುವುದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಸುದ್ದಿ ಏನೆಂದರೆ, ನಮಗೆ ಟ್ಯಾಗ್ ಬಂತು! ನಿಮ್ಮ ವಯೋಮಿಂಗಿನ ಜಿಂಕೆ ಟ್ಯಾಗ್, ಒಂದು ಜಿಂಕೆ ಹೊಡೆದು ಅದಕ್ಕೆ ಕಟ್ಟುವ ಪರವಾನಗಿ ಚೀಟಿ. ನನಗೂ ನಿನ್ನಪ್ಪನಿಗೂ, ಇಬ್ಬರಿಗೂ.

ಹನ್ನೆರಡು ವರ್ಷ, ಡೀನಾ. ಹೊರರಾಜ್ಯದವರಿಗೆ ಇರುವುದೇ ಸ್ವಲ್ಪ ಟ್ಯಾಗ್. ಪ್ರತಿ ವರ್ಷ ಅರ್ಜಿ ಹಾಕಬೇಕು, ಲಾಟರಿಯಲ್ಲಿ ಬರದಿದ್ದರೆ ಒಂದು ಪಾಯಿಂಟ್ ಕೂಡಿಕೊಳ್ಳಬೇಕು. ನಮ್ಮ ಹತ್ತಿರ ಆರು ಇದ್ದಾಗ ಏಳು ಇದ್ದವರಿಗೆ ಬಂತು. ನಾವು ಏಳಕ್ಕೆ ಹೋದರೆ ಅವರು ಎಂಟಕ್ಕೆ ಹೋದರು. ನಡುವೆ ಬಿಟ್ಟರೆ ಎಲ್ಲ ಸೊನ್ನೆ. ಹಾಗಾಗಿ ಬಿಡುವ ಹಾಗೂ ಇಲ್ಲ, ಸಿಗುವ ಹಾಗೂ ಇಲ್ಲ. ನನಗೆ ಲಕ್ವ ಹೊಡೆದ ಮೇಲೂ ನಿನ್ನಪ್ಪ ನಾರ್ಬ್ ಇಬ್ಬರ ಹೆಸರಿನಲ್ಲೂ ಅರ್ಜಿ ತುಂಬುತ್ತಲೇ ಇದ್ದ. ಅಭ್ಯಾಸಬಲ, ಅಷ್ಟೇ. ಬರುತ್ತದೆ ಅಂತ ಅವನೂ ಅಂದುಕೊಂಡಿರಲಿಲ್ಲ.

ಈಗ ನಿನ್ನಿಂದ ಒಂದು ಆಗಬೇಕು. ನಾವು ಕೇಳಿದ ಜಾಗದಲ್ಲಿ ಹೆಚ್ಚಿನದು ರಸ್ತೆಯಿಲ್ಲದ ಕಾಡು. ಅಲ್ಲಿ ಹೊರಗಿನವರು ಒಬ್ಬರೇ ಬೇಟೆಯಾಡುವಂತಿಲ್ಲ, ಆ ರಾಜ್ಯದವರೊಬ್ಬರು ಜೊತೆಗಿರಬೇಕು. ನೀನು ಅಲ್ಲಿಯವಳಾಗಿ ಒಂಬತ್ತು ವರ್ಷವಾಯಿತು. ಬರುತ್ತೀಯಾ?

ಉತ್ತರವನ್ನು ನನ್ನ ಗೆಳತಿ ಫ್ರಾನ್ಸಿಯ ಮನೆ ವಿಳಾಸಕ್ಕೆ ಬರೆ. ನಮ್ಮ ಬೀದಿಗೆ ಟಪಾಲು ಹಂಚುವವಳು ಅವಳೇ ಆದ್ದರಿಂದ ನನ್ನ ಕೈಗೇ ಕೊಡುತ್ತಾಳೆ.

ನಿನ್ನ ಅಮ್ಮ,
ಆರ್ಡಿಸ್


ಪೈನ್‌ಡೇಲ್, ವಯೋಮಿಂಗ್
ಜುಲೈ 9, 2022

ಅಮ್ಮಾ,

ನಿನ್ನ ಕಾಗದ ಹತ್ತು ದಿನ ಅಂಚೆಪೆಟ್ಟಿಗೆಯಲ್ಲೇ ಇತ್ತು. ನಾನು ಬೆಟ್ಟದ ಮೇಲಿದ್ದೆ. ಅಂಚೆ ಕಚೇರಿಯ ಮುಂದೆ ಟ್ರಕ್ಕಿನಲ್ಲೇ ಕೂತು ಓದಿದೆ, ಆಮೇಲೆ ಇನ್ನೊಂದು ಸಲ ಓದಿದೆ.

ಬರುತ್ತೇನೆ. ಖಂಡಿತ ಬರುತ್ತೇನೆ. ಬೇಟೆ ಇಲಾಖೆಯ ವಾರ್ಡನ್ನನ್ನು ಕೇಳಿದ್ದೂ ಆಯಿತು. ರಾಜ್ಯದ ನಿವಾಸಿಗೆ ಮಾರ್ಗದರ್ಶಿಯ ಚೀಟಿ ಪುಕ್ಕಟೆ ಕೊಡುತ್ತಾರೆ, ವರ್ಷಕ್ಕೆ ಇಬ್ಬರನ್ನು ಕರೆದೊಯ್ಯಬಹುದು. "ಯಾರನ್ನ ಕರ್ಕೊಂಡು ಹೋಗ್ತೀಯಮ್ಮ?" ಅಂದ. "ನಮ್ಮಮ್ಮನ್ನ, ನಮ್ಮಪ್ಪನ್ನ" ಅಂದೆ. "ಅಬ್ಬಾ, ಧೈರ್ಯವಂತೆ ನೀನು" ಅಂದ. ಅವನಿಗೆ ನಮ್ಮ ಮನೆ ಕಥೆ ಏನೂ ಗೊತ್ತಿಲ್ಲ, ಆದರೂ ಅಂದ.

ನನಗೆ ಕೆಲಸ ಕೊಟ್ಟಿರುವ ಲಾಯ್ಡ್ ಹತ್ತಿರ ಒಂದು ಹೇಸರಗತ್ತೆ ಇದೆ, ಹೆಸರು ಪರ್ಲ್. ಹತ್ತೊಂಬತ್ತು ವರ್ಷದ್ದು. ಅದು ಎಡವಿದ್ದನ್ನು ನಾನು ನೋಡಿಲ್ಲ. ನಿನ್ನ ಬೆನ್ನಿಗೆ ಆನಿಕೆ ಇರುವ ಜೀನು ನಾನೇ ಹೊಲಿಯುತ್ತೇನೆ. ಬಲಗಾಲು ರಿಕಾಪಿನಲ್ಲಿ ನಿಲ್ಲದಿದ್ದರೆ ಪಟ್ಟಿ ಕಟ್ಟೋಣ.

ಅಪ್ಪ ಏನಂತಾರೆ? ನೀನು ಅದನ್ನು ಬರೆದೇ ಇಲ್ಲ.

ಡೀನಾ


ಬೀವರ್ ಬ್ರಿಜ್
ಆಗಸ್ಟ್ 14, 2022

ಡೀನಾಳಿಗೆ,

ಇಲ್ಲಿ ಮಳೆ ಕಡಿಮೆ. ಜೋಳ ಭುಜದೆತ್ತರ ಬಂದಿದೆ.

ನೀನು ನಿನ್ನ ಅಮ್ಮನಿಗೆ ಕಾಗದ ಬರೆಯುತ್ತಿರುವುದು ನನಗೆ ಗೊತ್ತಿದೆ. ಫ್ರಾನ್ಸಿ ಬಂದುಹೋದ ದಿನವೆಲ್ಲ ಆರ್ಡಿಸ್ ಕೋಟಿನ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂತಿರುತ್ತಾಳೆ. ಒಂದನ್ನು ತೆಗೆದು ಓದಿಯೂ ನೋಡಿದೆ. ಬರೆಯಬೇಡ ಅನ್ನುವುದಿಲ್ಲ. ಆದರೆ ಜೀನು, ಹೇಸರಗತ್ತೆ ಅಂತೆಲ್ಲ ಆಸೆ ಹತ್ತಿಸಬೇಡ. ಅವಳು ಸ್ನಾನದ ಮನೆಗೆ ಹೋಗಬೇಕಾದರೂ ನಾನು ಹಿಂದೆ ನಡೆಯಬೇಕು. ಹತ್ತು ಸಾವಿರ ಅಡಿಯ ಬೆಟ್ಟದಲ್ಲಿ ಏನಾದರೂ ಆದರೆ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ, ನೀನೇ ಹೇಳು.

ಕಳೆದ ವಾರ ಡಾಕ್ಟರ ಹತ್ತಿರ ಪತ್ರ ಬರೆಸಿಕೊಂಡು ಅವಳ ಟ್ಯಾಗನ್ನು ವಾಪಸು ಕಳಿಸಿದ್ದೇನೆ. ಕಾಯಿಲೆಯವರಾದರೆ ತೆಗೆದುಕೊಳ್ಳುತ್ತಾರೆ. ಅವಳ ಹನ್ನೆರಡು ಪಾಯಿಂಟ್‌ ಹಾಗೇ ಉಳಿಯುತ್ತವೆ, ಏನೂ ನಷ್ಟವಿಲ್ಲ. ಹೊರಡುವ ದಿನ ಹತ್ತಿರ ಬಂದ ಮೇಲೆ ನಾನೇ ನಿಧಾನವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ. ಒಂಬತ್ತು ವರ್ಷದಲ್ಲಿ ನಿನ್ನನ್ನು ನಾನು ಕೇಳುತ್ತಿರುವುದು ಇದೊಂದೇ.

ನಾರ್ಬರ್ಟ್ ಕ್ಲಿಮೆಕ್
(ನಿನ್ನ ಅಪ್ಪ)


ಪೈನ್‌ಡೇಲ್
ಆಗಸ್ಟ್ 25, 2022

ಅಪ್ಪಾ,

ನಾನು ಕುದುರೆಯಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ನೀವು ನನ್ನ ಕುದುರೆಯನ್ನು ಮಾರಿದಿರಿ. ಮನೆಗೆ ಬಂದು ನೋಡಿದರೆ ಲಾಯ ಗುಡಿಸಿ ತೊಳೆದಿತ್ತು. "ನಿನ್ನ ಒಳ್ಳೇದಕ್ಕೇ ಮಾಡಿದ್ದು" ಅಂದಿರಿ. ಆಗ ನನಗೆ ಇಪ್ಪತ್ತೆರಡು. ಎದ್ದು ಹೊರಟುಬಿಡಲು ಎರಡು ಕಾಲಿದ್ದವು.

ಅಮ್ಮನಿಗೆ ನೀವೇ ಹೇಳಿ, ಈ ವಾರವೇ. ಟ್ಯಾಗ್ ಅವಳ ಹೆಸರಿನದು. ಸೆಪ್ಟೆಂಬರ್ ಹತ್ತರೊಳಗೆ ಹೇಳದಿದ್ದರೆ ನಾನು ಹೇಳುತ್ತೇನೆ.

ಡೀನಾ


ಬೀವರ್ ಬ್ರಿಜ್
ನವೆಂಬರ್ 20, 2022

ಡೀನಾ,

ಎರಡು ತಿಂಗಳಿಂದ ಬರೆಯಲಿಲ್ಲ. ಒಂದು ಸಾಲು ಬರೆದು ಹಾಳೆ ಹರಿದುಹಾಕುತ್ತಿದ್ದೆ.

ನಿನ್ನ ಕಾಗದ ಬರುವ ಮೊದಲೇ ನನಗೆ ಗೊತ್ತಾಗಿತ್ತು, ಅವನಂತೂ ಹೇಳಲಿಲ್ಲ. ಸೆಪ್ಟೆಂಬರ್ ಆರನೇ ತಾರೀಕು ಫ್ರಾನ್ಸಿ ನನ್ನ ಹೆಸರಿನ ಒಂದು ಲಕೋಟೆ ತಂದುಕೊಟ್ಟಳು. ಬೇಟೆ ಇಲಾಖೆಯದು. ನಾನು ಎಡಗೈಯಿಂದ, ಹಲ್ಲಿನಿಂದ ಹರಿದು ತೆಗೆದೆ. ನಿಮ್ಮ ಕೋರಿಕೆಯಂತೆ ಟ್ಯಾಗ್ ರದ್ದು ಮಾಡಲಾಗಿದೆ ಅಂತ ಬರೆದಿತ್ತು. ನನ್ನ ಕೋರಿಕೆಯಂತೆ!

ನಾರ್ಬ್ ಅಡುಗೆಮನೆಗೆ ಬಂದ. ಕಾಗದವನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದೆ.

"ಓ, ಅದಾ?" ಅಂದ. "ನಿನ್ನ ಒಳ್ಳೇದಕ್ಕೇ ಕಣೇ."

"ನನ್ನ... ಹೆಸರು" ಅಂದೆ.

"ಹೌದೌದು, ನಿನ್ನ ಹೆಸರಿಗೇ ಬಂದಿದೆ. ದುಡ್ಡೂ ನಿನ್ನ ಹೆಸರಿಗೇ ವಾಪಸ್ ಬರುತ್ತೆ. ಅದೇ ತಾನೆ ನೀನು ಕೇಳ್ತಿರೋದು?"

ನಾನು ತಲೆ ಅಲ್ಲಾಡಿಸಿದೆ.

"ಮತ್ತೆ? ಪಾಯಿಂಟಾ? ಒಂದೂ ಹೋಗಿಲ್ಲ, ಎಲ್ಲಾ ಭದ್ರ. ಈಗ ಮಲಕ್ಕೋ ಸ್ವಲ್ಪ, ಮುಖ ಕೆಂಪಾಗಿದೆ."

ನನ್ನ ಹೆಸರಿನಲ್ಲಿ ನನ್ನ ಬದಲು ನೀನು ಯಾಕೆ ಮಾತಾಡಿದೆ ಅಂತ ಕೇಳಬೇಕಿತ್ತು. ಅಷ್ಟು ಉದ್ದದ ವಾಕ್ಯ ನನ್ನ ಬಾಯಿಂದ ಬರುವುದಿಲ್ಲ. ಬರುವ ಹೊತ್ತಿಗೆ ಅವನು ನನ್ನನ್ನು ಎಬ್ಬಿಸಿ, ತೋಳು ಹಿಡಿದು, ಮಂಚದ ಹತ್ತಿರ ತಂದಿದ್ದ. ದಿಂಬು ಸರಿ ಮಾಡಿದ. ಅವನು ಒರಟನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನ ಮೆದುತನದಿಂದ ಬಿಡಿಸಿಕೊಳ್ಳುವುದು ನನಗೆ ಗೊತ್ತಿಲ್ಲ.

ನಿನ್ನೆ ಇಲ್ಲಿ ಬಂದೂಕಿನ ಬೇಟೆ ಶುರುವಾದ ದಿನ. ಎರಡು ವರ್ಷದ ಹಿಂದೆ ಇದೇ ದಿನ ನಾನು ಬಿದ್ದದ್ದು. ಬೆಳಿಗ್ಗೆ "ಯಾಕೋ ತಲೆ ಒಂಥರಾ ಇದೆ ನಾರ್ಬ್" ಅಂದಿದ್ದೆ. "ಕಾಫಿ ಕುಡಿ, ಸರಿ ಹೋಗುತ್ತೆ" ಅಂತ ಅವನು ಕಾಡಿಗೆ ಹೋದ. ಬಂದಾಗ ಆರು ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ನಾನು ಅಡುಗೆಮನೆಯ ನೆಲದ ಮೇಲಿದ್ದೆ. ಆವತ್ತಿನಿಂದ ಅವನು ಬಂದೂಕು ಮುಟ್ಟಿಲ್ಲ, ನನ್ನನ್ನು ಕಣ್ಣಿನಿಂದ ಆಚೆ ಬಿಟ್ಟಿಲ್ಲ. ನಾವಿಬ್ಬರೂ ಆ ದಿನದ ಮಾತನ್ನೇ ಎತ್ತುವುದಿಲ್ಲ. ಆ ಆರು ಗಂಟೆಯನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ, ಡೀನಾ. ಈ ಎರಡು ವರ್ಷವನ್ನು ಹೇಗೆ ಕ್ಷಮಿಸಬೇಕೋ ತಿಳಿಯದು.

ಇನ್ನೊಂದು ವಿಷಯ. ನಿನ್ನೆ ಅವನ ಕಾಲುಚೀಲ ಮಡಿಚಿಡಲು ಹೋದಾಗ ಡ್ರಾಯರಿನಲ್ಲಿ ಅವನ ಟ್ಯಾಗ್ ಸಿಕ್ಕಿತು. ಅವನದು ವಾಪಸು ಹೋಗಿಲ್ಲ. ಅವನಿಗೆ ಕಾಯಿಲೆಯಿಲ್ಲವಲ್ಲ, ತೆಗೆದುಕೊಳ್ಳುತ್ತಿರಲಿಲ್ಲ. ಬಳಸದೆ ಬಿಟ್ಟಿದ್ದಾನೆ. ಅಂದರೆ ಅವನ ಹನ್ನೆರಡು ವರ್ಷವೂ ಹೋಯಿತು. ಈಗ ಅವನು ಸೊನ್ನೆ. ನನಗೆ ಹೇಳಲೂ ಇಲ್ಲ. ಕಾಲುಚೀಲಗಳನ್ನು ಅದರ ಮೇಲೆ ಹಾಗೇ ಇಟ್ಟು ಮುಚ್ಚಿದೆ.

ಅಮ್ಮ


ಪೈನ್‌ಡೇಲ್
ಮಾರ್ಚ್ 19, 2023

ಅಮ್ಮಾ,

ಇಂಥ ಚಳಿಗಾಲವನ್ನು ನಾನು ನೋಡಿರಲಿಲ್ಲ. ಲಾಯ್ಡ್‌ಗೆ ಎಪ್ಪತ್ತು ದಾಟಿದೆ, ಅವನೂ ನೋಡಿಲ್ಲವಂತೆ. ಹಿಮ ಬಿದ್ದು, ಮೇಲೆ ಕರಗಿ, ಮತ್ತೆ ಗಟ್ಟಿಯಾಗಿ ಗಾಜಿನ ಹಾಗಾಗಿದೆ. ಜಿಂಕೆಗಳಿಗೆ ಕೆಳಗಿನ ಪೊದೆ ಕೆರೆದು ತಿನ್ನಲಾಗುತ್ತಿಲ್ಲ. ರಸ್ತೆಯಲ್ಲಿ ಮಾತ್ರ ನಡೆಯಲು ಆಗುವುದರಿಂದ ರಸ್ತೆಗೇ ಬಂದು ನಿಲ್ಲುತ್ತವೆ. ಹಾರ್ನ್ ಹಾಕಿದರೂ ಕದಲುವುದಿಲ್ಲ. ಎರಡು ಪಕ್ಕದಲ್ಲೂ ಆಳೆತ್ತರದ ಹಿಮ. ಎಲ್ಲಿಗೆ ಹೋಗುತ್ತವೆ ಪಾಪ?

ಮೊನ್ನೆ ಬೇಲಿಯ ಪಕ್ಕ ಒಂದು ಮರಿ ನಿಂತಿತ್ತು. ಬೆಳಿಗ್ಗೆಯೂ ನಿಂತಿತ್ತು, ಸಂಜೆಯೂ ಅಲ್ಲೇ ನಿಂತಿತ್ತು. ಹತ್ತಿರ ಹೋದೆ. ನಿಂತಂತೆಯೇ ಸತ್ತಿತ್ತು.

ಪಕ್ಕದ ರ‍್ಯಾಂಚಿನ ಹೆಂಗಸು ನೋಡಲಾರದೆ ಒಣಹುಲ್ಲು ಹಾಕಿದಳು. ವಾರ್ಡನ್ ಬಂದು ಬೈದ. ಚಳಿಗಾಲದಲ್ಲಿ ಅವುಗಳ ಹೊಟ್ಟೆಗೆ ಹುಲ್ಲು ಅರಗುವುದಿಲ್ಲ. ಹನ್ನೊಂದು ಜಿಂಕೆ ಹೊಟ್ಟೆ ತುಂಬಾ ತಿಂದು ಅವಳ ಅಂಗಳದಲ್ಲೇ ಸತ್ತವು. "ಪ್ರೀತಿಯಿಂದ ಹಾಕಿದೆನಪ್ಪಾ" ಅಂತ ಅಳುತ್ತಿದ್ದಳು.

ಈ ಸಲ ಹೊರರಾಜ್ಯದವರ ಟ್ಯಾಗನ್ನು ತುಂಬಾ ಕಡಿಮೆ ಮಾಡುತ್ತಾರೆ ಅಂತ ಮಾತು. ನೀನು ಒಬ್ಬಳೇ ಹಾಕುವುದಾದರೆ ಹಾಕು. ಅಪ್ಪನ ಜೊತೆ ಗುಂಪಿನಲ್ಲಿ ಹಾಕಿದರೆ ನಿನ್ನ ಹನ್ನೆರಡನ್ನೂ ಅವರ ಸೊನ್ನೆಯನ್ನೂ ಕೂಡಿಸಿ ಇಬ್ಬರಿಗೂ ಆರು ಅಂತ ಲೆಕ್ಕ ಹಿಡಿಯುತ್ತಾರೆ. ಆರಕ್ಕೆ ಏನೂ ಸಿಗುವುದಿಲ್ಲ.

ಟ್ಯಾಗ್ ಬರದೇ ಹೋದರೂ ನೀನು ಬಾ, ಅಮ್ಮ. ಟ್ಯಾಗ್ ಇಲ್ಲದಿದ್ದರೆ ನನ್ನ ಮನೆಗೆ ಬರಬಾರದು ಅಂತ ಯಾವ ಕಾನೂನೂ ಇಲ್ಲ.

ಡೀನಾ


ಬೀವರ್ ಬ್ರಿಜ್
ಜೂನ್ 25, 2023

ಡೀನಾ,

ಟ್ಯಾಗ್ ಬರದೇ ಹೋದರೂ ಬಾ ಅಂದೆ ನೀನು. ಹಾಗೆ ಬರಲು ನನಗೆ ಆಗುತ್ತಿರಲಿಲ್ಲ. ಮಗಳನ್ನು ನೋಡಲು ಹೋಗಬೇಕು ಅಂದಿದ್ದರೆ ನಾರ್ಬ್ "ಖಂಡಿತಾ, ಬೇಸಿಗೆ ಕಳೀಲಿ" ಅನ್ನುತ್ತಿದ್ದ. ಬೇಸಿಗೆ ಕಳೆದರೆ ಚಳಿ. ಅವನಿಗೆ ಮುಂದೂಡಲು ಆಗದಂಥದ್ದು ಏನಾದರೂ ಬೇಕಿತ್ತು, ತಾರೀಕು ಇರುವಂಥದ್ದು.

ನಡೆದದ್ದು ಹೀಗೆ. ಮೇ ತಿಂಗಳಲ್ಲಿ ಫ್ರಾನ್ಸಿ "ಆರ್ಡಿಸ್‌ಗೆ ತಲೆಕೂದಲು ಕಟ್ ಮಾಡಿಸ್ಕೊಂಡು ಬರ್ತೀವಿ" ಅಂತ ನಾರ್ಬ್‌ಗೆ ಹೇಳಿ ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋದಳು. ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ. ನನ್ನ ಹೆಸರಿನ ಖಾತೆ ತೆರೆಯಲು ಗುಟ್ಟಿನ ಪದ ಬೇಕು, ಅದನ್ನು ಇಟ್ಟವನು ನಾರ್ಬ್.

"ಏನಿಟ್ಟಿರ್ತಾನೆ ಹೇಳೇ, ನಿನ್ನ ಹುಟ್ಟಿದ ದಿನಾನಾ?" ಅಂದಳು ಫ್ರಾನ್ಸಿ. ಅಲ್ಲ. "ಮದುವೆ ದಿನ?" ಅದೂ ಅಲ್ಲ. ಕೊನೆಗೆ ನಾನೇ ಒಂದೊಂದೇ ಅಕ್ಷರ ಒತ್ತಿದೆ: ಸತ್ತುಹೋದ ನಮ್ಮ ನಾಯಿಯ ಹೆಸರು. ತೆರೆಯಿತು. ಫ್ರಾನ್ಸಿ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. "ನಲವತ್ತು ವರ್ಷ ಅನ್ನ ಬೇಯಿಸಿ ಹಾಕಿದ್ದಕ್ಕೆ ನಾಯಿ ಗೆದ್ದಿತು ನೋಡೇ!" ಲೈಬ್ರರಿಯವಳು ಬಂದು ಗದರಿಸಿದಳು. ಮನೆಗೆ ಬರುವಾಗ ಕೂದಲು ಕತ್ತರಿಸಿಲ್ಲ ಅಂತ ನೆನಪಾಗಿ, ಕಾರಿನಲ್ಲೇ ಅವಳು ಉಗುರು ಕತ್ತರಿಯಿಂದ ಮುಂದಲೆ ಕತ್ತರಿಸಿದಳು. ನಾರ್ಬ್ ನೋಡಿ "ಚೆನ್ನಾಗಿದೆ" ಅಂದ.

ಆಗಲೇ ಇನ್ನೊಂದನ್ನೂ ಶುರುಮಾಡಿದ್ದೆ. ಫ್ರಾನ್ಸಿಯ ಗಂಡ ಎಡಚ. ತೀರಿಕೊಂಡು ಐದು ವರ್ಷ. ಅವನ ಎಡಗೈ ರೈಫಲ್ ಅವಳ ಹತ್ತಿರ ಇತ್ತು. ಇಸ್ತ್ರಿ ಹಲಗೆಯ ಹೊದಿಕೆಯಲ್ಲಿ ಸುತ್ತಿ ತಂದು ನಮ್ಮ ನೆಲಮಾಳಿಗೆಯಲ್ಲಿ ಇಟ್ಟಿದ್ದಾಳೆ. ಭಾನುವಾರ ನಾರ್ಬ್ ಚರ್ಚಿನ ಪೂಜೆಗೆ ಹೋಗುವ ಒಂದು ಗಂಟೆ ಮಾತ್ರ ನನ್ನದು. ಹದಿಮೂರು ಮೆಟ್ಟಿಲನ್ನು ಕೂತುಕೊಂಡೇ ಒಂದೊಂದಾಗಿ ಇಳಿಯುತ್ತೇನೆ. ಮುಕ್ಕಾಲಿಯ ಮೇಲೆ ಖಾಲಿ ರೈಫಲ್ ಇಟ್ಟು, ಬಣ್ಣದ ಡಬ್ಬಿಗೆ ಗುರಿಯಿಟ್ಟು ಟ್ರಿಗರ್ ಎಳೆಯುತ್ತೇನೆ. ಟಿಕ್. ಆಮೇಲೆ ಹದಿಮೂರು ಮೆಟ್ಟಿಲು ಹತ್ತುವುದು. ಅವನು ಬರುವಷ್ಟರಲ್ಲಿ ಕುರ್ಚಿಯಲ್ಲಿರುತ್ತೇನೆ, ಬೆವರು ಒರೆಸಿಕೊಂಡು. ಎರಡು ಸಲ ಫ್ರಾನ್ಸಿಯ ತಮ್ಮನ ಜಲ್ಲಿ ಗುಂಡಿಯಲ್ಲಿ ನಿಜವಾದ ಗುಂಡು ಹಾರಿಸಿದೆ. ಮೊದಲನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಟ್ಯಾಗ್ ಬಂತು, ಡೀನಾ. ನನ್ನೊಬ್ಬಳಿಗೆ.

ಗುರುವಾರ ಅವನು ಸಿಂಕಿನ ಹತ್ತಿರ ಮೀನು ಹೆಚ್ಚುತ್ತಿದ್ದ. ಫ್ರಾನ್ಸಿ ಅಚ್ಚು ಹಾಕಿಸಿ ತಂದ ಕಾಗದವನ್ನು ತೋರಿಸಿದೆ. ಕೈ ಒರೆಸಿಕೊಂಡು ಎರಡು ಸಲ ಓದಿದ.

"ಗುಂಪಲ್ಲಿ ಹಾಕ್ಲಿಲ್ವಾ?"

"ನಿನ್ನದು... ಸೊನ್ನೆ."

ನಾನು ಡ್ರಾಯರ್ ನೋಡಿದ್ದೇನೆ ಅಂತ ಅವನಿಗೆ ಆಗ ತಿಳಿಯಿತು.

"ಯಾರು ಕರ್ಕೊಂಡು ಹೋಗ್ತಾರೆ?"

"ಡೀನಾ."

"ನಾನು ಬೇಡ ಅಂದ್ರೆ?"

ಈ ಒಂದು ವಾಕ್ಯಕ್ಕೆ ನಾನು ಎಂಟು ತಿಂಗಳಿಂದ ಬಾಯಿ ತಾಲೀಮು ಮಾಡಿದ್ದೆ. ಒಂದು ಪದವೂ ತಪ್ಪದ ಹಾಗೆ ಹೇಳಿದೆ: "ನಿನ್ನನ್ನ ಕೇಳಲಿಲ್ಲ ನಾನು."

ಅವನು ತಿರುಗಿ ನಲ್ಲಿ ಬಿಟ್ಟ. ಹೆಚ್ಚಿದ ಮೀನನ್ನೇ ಮತ್ತೆ ಮತ್ತೆ ತೊಳೆದ. ಅಳುತ್ತಿದ್ದಾನೆ ಅಂತ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಹತ್ತಿರ ಹೋಗಿ ಕೈಯಿಡಬೇಕು ಅನ್ನಿಸಿತು. ಇಟ್ಟಿದ್ದರೆ ಹೊರಡುತ್ತಿರಲಿಲ್ಲ. ಇಡಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ನನ್ನನ್ನು ಕರೆದೊಯ್ಯಲು ಬಾ.

ಅಮ್ಮ


ಪೈನ್‌ಡೇಲ್, ವಯೋಮಿಂಗ್
ಸೆಪ್ಟೆಂಬರ್ 27, 2023

ನಾರ್ಬ್,

ನಾನು ಹೊರಟ ದಿನ ನೀನು ಗ್ಯಾರೇಜಿನಲ್ಲಿ ಹಿಮ ತೆಗೆಯುವ ಯಂತ್ರ ಬಿಚ್ಚುತ್ತಿದ್ದೆ. ಆ ಸೆಖೆಯಲ್ಲಿ. ಡೀನಾ ಬಾಗಿಲವರೆಗೆ ಬಂದು ನಿಂತು, ಹಾಗೇ ವಾಪಸು ಹೋದಳು. ಆದರೆ ನನ್ನ ಮಾತ್ರೆಗಳನ್ನೆಲ್ಲ ದಿನದ ಪ್ರಕಾರ ಡಬ್ಬಿಗಳಲ್ಲಿ ತುಂಬಿ, ಒಂದೊಂದರ ಮೇಲೂ ಬರೆದು, ಟ್ರಕ್ಕಿನ ಸೀಟಿನ ಮೇಲೆ ಇಟ್ಟಿದ್ದೆಯಲ್ಲ, ನೋಡಿದೆ.

ನಾನು ಚೆನ್ನಾಗಿದ್ದೇನೆ. ಮೊದಲು ಅದನ್ನು ಹೇಳಬೇಕಿತ್ತು.

ಬೆಟ್ಟದಲ್ಲಿ ಎಂಟು ದಿನ ಇದ್ದೆವು. ಹೇಸರಗತ್ತೆಯ ಮೇಲೆ ನನ್ನನ್ನು ಮೂಟೆಯ ಹಾಗೆ ಕಟ್ಟಿದ್ದರು. ಮೊದಲ ದಿನ ಡೇರೆ ತಲುಪಿದಾಗ ಇಳಿಯಲಾಗದೆ ಅತ್ತೆ. ಎರಡನೇ ದಿನ ಎದ್ದು ಕೂರಲಿಲ್ಲ. ನೀನು ಹೇಳಿದ್ದು ಸರಿ ಅಂತ ಆವತ್ತು ಇಡೀ ದಿನ ಅಂದುಕೊಂಡೆ, ಇದನ್ನು ನಿನಗೆ ಮುಚ್ಚಿಡುವುದಿಲ್ಲ. ಡೀನಾ ಬೀನ್ಸ್ ಬೇಯಿಸಿ ನನ್ನ ಪಕ್ಕ ಇಟ್ಟು ಕಟ್ಟಿಗೆಗೆ ಹೋದಳು. ಚಮಚ ದೂರ ಬಿದ್ದಿತ್ತು. ತೆವಳಿ ತೆಗೆದುಕೊಂಡು ತಿಂದೆ.

ಜಿಂಕೆ ಕಡಿಮೆ ಇವೆ. ಚಳಿಗಾಲ ಅರ್ಧಕ್ಕರ್ಧ ತೆಗೆದುಕೊಂಡುಹೋಗಿದೆ. ಐದನೇ ದಿನ ಒಂದು ದೊಡ್ಡ ಗಂಡು ಸಿಕ್ಕಿತು, ನೀನು ಹನ್ನೆರಡು ವರ್ಷ ಪುಸ್ತಕದಲ್ಲಿ ತೋರಿಸುತ್ತಿದ್ದೆಯಲ್ಲ, ಅಂಥದ್ದು. ಗುಂಡು ಅದರ ಬೆನ್ನಿನ ಮೇಲಿನಿಂದ ಹೋಯಿತು. ಏಳನೇ ದಿನ ಬೆಳಿಗ್ಗೆ ತೊಂಬತ್ತು ಗಜದಲ್ಲಿ ಇನ್ನೊಂದು. ನಡುವಯಸ್ಸಿನದು, ಒಂದೊಂದು ಕೊಂಬಿಗೆ ಮೂರೇ ಕವಲು. ಉಸಿರು ಬಿಟ್ಟು ಎಳೆದೆ. ಅದು ಮುಗ್ಗರಿಸಿ ಇಳಿಜಾರಿನ ಮರಗಳೊಳಗೆ ಹೋಯಿತು.

ಡೀನಾ ರಕ್ತದ ಜಾಡು ಹಿಡಿದು ಹೋದಳು. "ಇಲ್ಲೇ ಇರಮ್ಮ, ಕೂಗಿದ್ರೆ ಕೇಳುತ್ತೆ" ಅಂದಳು. ಮುಕ್ಕಾಲು ಗಂಟೆ ನಾನು ಆ ಬಂಡೆಯ ಮೇಲೆ ಒಬ್ಬಳೇ ಇದ್ದೆ. ನಾರ್ಬ್, ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಜೊಲ್ಲು ಸುರಿಯಿತು, ಒರೆಸಲಿಲ್ಲ. ಒಂದು ಸಲ ಜೋರಾಗಿ ನಿನ್ನ ಹೆಸರು ಕೂಗಿದೆ. ಸರಿಯಾಗಿಯೇ ಬಂತು. ಕೇಳಿಸಿಕೊಳ್ಳಲು ನೀನಿರಲಿಲ್ಲ, ಅದಕ್ಕೇ ಸರಿಯಾಗಿ ಬಂದಿರಬೇಕು.

ಜಿಂಕೆ ನೂರು ಹೆಜ್ಜೆಯೊಳಗೆ ಸತ್ತು ಬಿದ್ದಿತ್ತು. ಟ್ಯಾಗನ್ನು ನಾನೇ ಕಟ್ಟಿದೆ.

ಈಗ ಕಷ್ಟದ ಮಾತು. ನಾನು ಈಗ ಬರುವುದಿಲ್ಲ. ಇಲ್ಲಿ ಪೂರ್ತಿ ಒಂದು ವರ್ಷ ನೆಲೆಸಿದರೆ ಈ ರಾಜ್ಯದವಳಾಗುತ್ತೇನೆ. ಇಲ್ಲಿಯವರಿಗೆ ಲಾಟರಿಯಿಲ್ಲ, ಪಾಯಿಂಟಿಲ್ಲ. ಅಂಗಡಿಗೆ ಹೋಗಿ ಜಿಂಕೆ ಲೈಸೆನ್ಸ್ ಕೇಳಿದರೆ ಕೊಡುತ್ತಾರೆ. ನಿನ್ನನ್ನು ಬಿಟ್ಟು ಹೋದಳು ಅಂತ ಊರಿಗೆ ಹೇಳಬೇಡ, ನೀನೂ ಹಾಗೆ ತಿಳಿಯಬೇಡ. ಡೀನಾಳ ಮನೆ ಸಣ್ಣದು, ಆದರೆ ನನ್ನ ಕೋಣೆಯಲ್ಲಿ ಎರಡು ಮಂಚ ಇವೆ. ನೀನು ಬಂದರೆ ನನ್ನ ಕಾವಲಿಗೆ ಬರಬೇಡ.

ಆರ್ಡಿಸ್


ಮಿಚೆಲ್, ದಕ್ಷಿಣ ಡಕೋಟಾ
ನವೆಂಬರ್ 20, 2023

ಆರ್ಡಿಸ್,

ಇಲ್ಲಿ ಗಾಳಿ ಜೋರು. ಹಿಮ ಇಲ್ಲ.

ನಿನ್ನ ಕಡೆಗೆ ಹೊರಟದ್ದು ಇದು ಮೂರನೇ ಸಲ. ಅಕ್ಟೋಬರಿನಲ್ಲಿ ಒಂದು ದಿನ ಹೊರಟು ಮಿಸಿಸಿಪ್ಪಿ ಸೇತುವೆಯವರೆಗೆ ಬಂದು ತಿರುಗಿಸಿಕೊಂಡು ಹೋದೆ. ಒಲೆ ಆರಿಸಿದೆನೋ ಇಲ್ಲವೋ ಅಂತ ಅನುಮಾನ ಬಂತು. ಆರಿಸಿದ್ದೆ. ಇನ್ನೊಂದು ಸಲ ಆಲ್ಬರ್ಟ್ ಲೀವರೆಗೆ ಬಂದೆ, ಪೆಟ್ರೋಲ್ ಹಾಕಿಸಿಕೊಂಡು ಮನೆ ಕಡೆಗೇ ಹೊರಟೆ. ಈ ಸಲ ಯಾಕೆ ಹಿಂದೆ ಹೋಗಬೇಕು ಅನ್ನುವ ಕಾರಣವೂ ಹೊಳೆಯಲಿಲ್ಲ.

ಶನಿವಾರ ಊರಲ್ಲಿ ಬೇಟೆ ಶುರುವಾಯಿತು. ಅಡುಗೆಮನೆಯಲ್ಲಿ ಕೂತು ಗುಂಡಿನ ಸದ್ದು ಕೇಳಿದೆ. ಆವತ್ತು ತಲೆ ಒಂಥರಾ ಇದೆ ಅಂದೆ ನೀನು, ಕಾಫಿ ಕುಡಿ ಅಂದೆ ನಾನು, ಆರ್ಡಿಸ್. ನಿನ್ನ ಮಾತೇ ಕೇಳಿಸಲಿಲ್ಲ ಅಂತ ಡಾಕ್ಟರಿಗೆ ಸುಳ್ಳು ಹೇಳಿದ್ದೆ. ಕೇಳಿಸಿತ್ತು. ಗಾಳಿ ಚೆನ್ನಾಗಿತ್ತು, ತಡವಾದರೆ ಜಿಂಕೆ ಹೋಗಿಬಿಡುತ್ತವೆ ಅಂತ ಹೊರಟೆ.

ಟ್ಯಾಗ್ ವಾಪಸು ಕಳಿಸಿದ್ದು ನೀನು ಬೆಟ್ಟದಲ್ಲಿ ಸತ್ತುಹೋಗುತ್ತೀ ಅನ್ನುವ ಹೆದರಿಕೆಗೆ ಅಂತ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಈಗ ಖಾಲಿ ಮನೆಯಲ್ಲಿ ಕೂತು ಯೋಚಿಸಿದರೆ ಬೇರೆ ಕಾಣುತ್ತದೆ. ನೀನು ಹತ್ತಿ, ಇಳಿದು, ನಗುತ್ತಾ ಬಂದುಬಿಟ್ಟರೆ ನನಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ನಿನ್ನ ಹಿಂದೆ ನಡೆಯುವಷ್ಟು ಹೊತ್ತೂ ಆ ದಿನದ ತಪ್ಪನ್ನು ತೀರಿಸುತ್ತಿದ್ದೇನೆ ಅಂದುಕೊಂಡಿದ್ದೆ. ತೀರಿಬಿಟ್ಟರೆ ನಾನು ಯಾರು ಅಂತ ಗೊತ್ತಿರಲಿಲ್ಲ.

ನಾನು ಮಾತುಗಾರನಲ್ಲ. ಈ ಕಾಗದ ನನಗಿಂತ ಮುಂಚೆ ಬರುತ್ತದೋ ಆಮೇಲೋ ತಿಳಿಯದು. ಬೆಳಿಗ್ಗೆ ಮತ್ತೆ ಮನಸ್ಸು ಕೆಟ್ಟರೂ ಕೆಡಬಹುದು, ನನ್ನನ್ನು ನಾನೇ ನಂಬುವುದಿಲ್ಲ. ಕಾಗದ ಬಂದು ನಾನು ಬರದಿದ್ದರೆ, ಇಷ್ಟು ದೂರ ಬಂದಿದ್ದೆ ಅಂತ ತಿಳಿ.

ನಾರ್ಬ್


ಪೈನ್‌ಡೇಲ್
ನವೆಂಬರ್ 29, 2023

ಫ್ರಾನ್ಸಿ ಆಂಟಿಗೆ,

ನೀವು ಕಾತರದಿಂದ ಕಾಯುತ್ತಿರುತ್ತೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಬಂದಿದ್ದಾರೆ. ಕಳೆದ ವಾರ, ಕೃತಜ್ಞತೆಯ ಹಬ್ಬದ ಹಿಂದಿನ ದಿನ, ಬುಧವಾರ ಬಂದರು. ಅವರು ದಾರಿಯಲ್ಲಿ ಹಾಕಿದ ಕಾಗದ ಮೊನ್ನೆ ಸೋಮವಾರ ಬಂತು. ಅಮ್ಮ ಅದನ್ನು ಓದಿ, ಮಡಿಚಿ, ಇಟ್ಟುಕೊಂಡಳು. ಅದರಲ್ಲಿ ಏನಿದೆ ಅಂತ ನನಗೆ ತೋರಿಸಲಿಲ್ಲ.

ಬಂದ ದಿನ ಅಪ್ಪ ಟ್ರಕ್ಕಿನಿಂದ ಇಳಿಯದೆ ಅಂಗಳದಲ್ಲೇ ಇಪ್ಪತ್ತು ನಿಮಿಷ ಕೂತಿದ್ದರು. ಕೊನೆಗೆ ನಾನೇ ಹೋಗಿ ಕಿಟಕಿ ತಟ್ಟಿದೆ.

"ಕಾಫಿ ಇದೆ" ಅಂದೆ.

"ಕುದುರೆ ವಿಷ್ಯ..." ಅಂದರು.

"ಕಾಫಿ ಆರೋಗುತ್ತೆ, ಬನ್ನಿ."

ಅಷ್ಟೇ ನಮ್ಮಿಬ್ಬರ ಮಾತು. ಹತ್ತು ವರ್ಷಕ್ಕೆ ಅಷ್ಟು ಸಾಕೋ ಇಲ್ಲವೋ ನನಗೆ ತಿಳಿಯದು. ಉಳಿಯುತ್ತಾರಾ, ಹೋಗುತ್ತಾರಾ ಅಂತಲೂ ಕೇಳಿಲ್ಲ. ಸದ್ಯಕ್ಕೆ ಎರಡನೇ ಮಂಚದಲ್ಲಿ ಬೂಟು ಹಾಕಿಕೊಂಡೇ ಮಲಗುತ್ತಾರೆ.

ಇವತ್ತು ಬೆಳಿಗ್ಗೆ ಅಮ್ಮ ಹೇಸರಗತ್ತೆಗೆ ಮೇವು ಹಾಕಲು ಹೊರಟಳು. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ಒಂದೇ ಕೈಯಲ್ಲಿ. ಐದು ಗುಂಡಿ. ಅಪ್ಪ ಎದ್ದು ಹೋಗಿ ಕೈ ಚಾಚಿದರು. ಅಮ್ಮ ತಲೆ ಎತ್ತಿ ನೋಡಿದಳು. ಅಪ್ಪ ಚಾಚಿದ ಎರಡೂ ಕೈಯನ್ನು ವಾಪಸು ತೆಗೆದುಕೊಂಡು ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡು ಅಲ್ಲೇ ನಿಂತರು. ಮೂರನೆಯ ಗುಂಡಿ ಎರಡು ಸಲ ಜಾರಿತು. ಎಲ್ಲ ಸೇರಿ ಹತ್ತು ನಿಮಿಷವಾದರೂ ಹಿಡಿದಿರಬೇಕು. ಕೊನೆಯ ಗುಂಡಿ ಹಾಕಿ ಅಮ್ಮ ಬಾಗಿಲು ತೆಗೆದು ಹೊರಗೆ ಹೋದಳು. ಅಪ್ಪ ಕಿಟಕಿಯ ಹತ್ತಿರ ಹೋಗಲಿಲ್ಲ. ಮೇಜಿನ ಮುಂದೆ ಕೂತು, "ಇನ್ನೊಂದು ಲೋಟ ಕಾಫಿ ಇದ್ರೆ ಕೊಡಮ್ಮ" ಅಂದರು.

ನಿಮ್ಮ,
ಡೀನಾ